ಕುಂತ ಅಪ್ಪಗ ಕಟಗಿ ಒಟ್ಟಿದ್ದು

ನಮ್ಮಪ್ಪ ಆ ಮಾತು ಹೇಳಿದ್ದು ಊಟಕ್ಕ ಕುಂತಾಗ. ರೊಟ್ಟಿ ಮುಗಿಸಿ, ಅನ್ನಕ್ಕ ಸಾರು ಹಾಕಿಸ್ಕೊಂಡು ಇನ್ನೂ ಕಲಸಾಕತ್ತಿದ್ದ. "ನಾ ಸತ್ತರ ನನ್ನ ಹೂಳಬ್ಯಾಡ್ರಿ, ಸುಡ್ರಿ," ಅಂದ. ಅವ್ವ ಕೈಯಾಗಿನ ಸೌಟು ಪಾತೇಲಿಯೊಳಗ ಬಿಟ್ಟು ನನ್ನ ಮಾರಿ ನೋಡಿದಳು. ನಾ ರಾಣೇಬೆನ್ನೂರಿಗೆ ಕೊಟ್ಟ ಮಗಳು. ಆವತ್ತ ಬ್ಯಾಡಗಿಗೆ ತವರಮನಿಗೆ ಬಂದು, ಒಂದು ದಿನಾರ ಮಂದಿ ಮಾಡಿ ಹಾಕಿದ್ದನ್ನ ಆರಾಮ ಉಣ್ಣೂಣು ಅಂತ ಕುಂತಿದ್ದೆ. ನನ್ನ ಹಣೇಬರಾ ನೋಡ್ರಿ.

"ಉಣ್ಣೂವಾಗ ಎಂಥಾ ಮಾತು ತಗೀತಿ ಅಪ್ಪಾ," ಅಂದೆ.

"ಉಣ್ಣೂವಾಗ ಬಿಟ್ರ ಎಲ್ಲಾರೂ ಕೂಡಿ ಮತ್ಯಾವಾಗ ಕುಂದರತೀರಿ?" ಅಂದು ಅಂವ ಅನ್ನ ಕಲಸಿದ.

ನಾವು ಲಿಂಗವಂತರು, ಹೂಳೂ ಮಂದಿ. ನಮ್ಮಲ್ಲಿ ಯಾರರ ತೀರಿಕೊಂಡ್ರ ಮಲಗಿಸಿ ಬಿಡೂದಿಲ್ಲ, ಕುಂದರಸತೀವಿ. ಜೀವ ಹೋದ ಕೂಡ್ಲೆ, ಮೈ ಇನ್ನೂ ಮೆತ್ತಗಿದ್ದಾಗನ, ಗ್ವಾಡಿಗೆ ಆನಿಸಿ, ಚಕ್ಕಳಮಕ್ಕಳ ಹಾಕಿಸಿ, ಹಣಿತುಂಬ ವಿಭೂತಿ ಹಚ್ಚಿ, ಬೀಳಬಾರದು ಅಂತ ಅರಿಬಿಲೆ ಕಟ್ಟಿ ಕುಂದರಸೂದು. ಕುಣಿಯೊಳಗೂ ಹಂಗ ಕುಂದರಸಿ, ಎಡಗೈಯಾಗ ಲಿಂಗ ಇಟ್ಟು, ಸುತ್ತ ವಿಭೂತಿ, ಪತ್ರಿ, ಉಪ್ಪು ತುಂಬಿ ಮಣ್ಣು ಮುಚ್ಚೂದು. ಹೊಲ ಇದ್ದವರು ತಮ್ಮ ಹೊಲದಾಗ ಇಡತಾರ. ಗಂಡನ ಬಾಜೂಕ ಹೆಂಡ್ತಿ. ಮದಿವ್ಯಾಗಿ ಬಂದ ಹೆಣ್ಣುಮಗಳಿಗೆ ಅಡಗಿಮನಿ ತೋರಿಸಿದ ಮ್ಯಾಲೆ ಆ ಜಾಗಾನೂ ಒಂದಿನಾ ತೋರಿಸಿ, "ಇಲ್ಲಿ ನಮ್ಮವರು ಇದ್ದಾರ, ಕೈಮುಗಿ," ಅಂತಾರ. ಅವ್ವಗೂ ಹಂಗ ತೋರಿಸಿದ್ರು. ಇಂಥಾ ಮನ್ಯಾಗ ಹುಟ್ಟಿ ಸುಡ್ರಿ ಅನ್ನಾಂವ ನಮ್ಮಪ್ಪ ಒಬ್ಬನ.

ಯಾಕಂದ್ರ ಅದರ ಹಿಂದಿನ ವರ್ಷ ಒಂದು ಹಕೀಕತ್ತು ಆಗಿತ್ತು. ಅಪ್ಪಂದು ಬ್ಯಾಡಗಿಯೊಳಗ ಮೆಣಸಿನಕಾಯಿ ದಲಾಲಿ ಅಂಗಡಿ. ಹೊಲ ಮಾತ್ರ ಹಾವೇರಿ ಹತ್ರ, ಪಿ.ಬಿ. ರೋಡಿಗೆ ಹತ್ತಿ ಇತ್ತು. ಅದನ್ನ ಅಪ್ಪನ ತಮ್ಮ, ನಮ್ಮ ಕಾಕಾ, ನೋಡಿಕೋತಿದ್ದ. ಆ ರೋಡು ಅಗಲ ಮಾಡೂ ಕೆಲಸ ಶುರು ಆದಾಗ ನಮ್ಮ ಹೊಲದ ಅಂಚೂ ಹೋತು. ಹೋಗಲಿ, ರೋಡು ಎಲ್ಲಾರಿಗೂ ಬೇಕು. ಆದ್ರ ಅಜ್ಜನ ಗದ್ದಿಗಿ ಇದ್ದದ್ದು ಅದ ಅಂಚಿನ್ಯಾಗ. ಅಜ್ಜಿ ಗದ್ದಿಗಿ ಒಂದು ಮಾರು ಒಳಗಿತ್ತು, ಉಳೀತು. ಅಜ್ಜನ್ನ ಎತ್ತಿ ಅಜ್ಜಿಯ ಈಚಿ ಬಾಜೂಕ ಇಡಬೇಕು ಅಂತ ಆತು.

ಅಪ್ಪ, ಕಾಕಾ, ಅಯ್ಯನೋರು ಮೂರೂ ಮಂದಿ ಹೋದ್ರು. ಅಪ್ಪ ಅಂಗಡಿಯಿಂದ ಒಂದು ಖಾಲಿ ಚೀಲ ಒಯ್ದಿದ್ದ. ಬ್ಯಾಡಗಿ ದಲಾಲಿ ಮನ್ಯಾಗ ಬ್ಯಾರೆ ಎಂಥಾ ಚೀಲ ಇರತೈತ್ರಿ? ಎಷ್ಟು ಝಾಡಿಸಿದ್ರೂ ಮೆಣಸಿನಕಾಯಿ ಘಾಟು ಹೋಗಿದ್ದಿಲ್ಲ. ಎಲುಬು ಆರಿಸಿ ಹಾಕೂವಾಗ ಅಪ್ಪಗ ಸೀನು ಶುರು ಆದ್ವು, ನಿಂದರಲೇ ಇಲ್ಲ. ಕಾಕಾಗೂ ಬಂದ್ವು, ಮಂತ್ರ ಹೇಳೂ ಅಯ್ಯನೋರಿಗೂ ಬಂದ್ವು. ಆ ಕಡೆ ರೋಡಿನ ಮಂದಿ ಜೆಸಿಬಿ ನಿಲ್ಲಿಸಿಕೊಂಡು ಇವರನ್ನ ನೋಡ್ಕೋತ ನಿಂತಿದ್ರಂತ. ಕಾಕಾ ಆಮ್ಯಾಲೆ ಇದನ್ನ ಹೇಳಿ ನಗತಿದ್ದ. ಅಪ್ಪ ಒಮ್ಮೆನೂ ನಗಲಿಲ್ಲ.

"ನಮ್ಮಪ್ಪನ್ನ ಎತ್ತೂವಾಗ ಕಣ್ಣಾಗ ನೀರು ಬಂದ್ವು," ಅಂದ ಆವತ್ತ ಊಟದಾಗ. "ಅದು ಅಳುನೋ ಘಾಟೋ ನನಗ ತಿಳೀಲಿಲ್ಲ. ಅಪ್ಪನ ಎಲುಬು ಕೈಯಾಗ ಹಿಡಕೊಂಡು ಸೀನಿದಾಂವ ನಾ. ನಾಳೆ ನನ್ನ ಯಾವ ರೋಡಿಗೆ ಎತ್ತತಾರೋ, ಯಾರು ಎತ್ತತಾರೋ. ಎತ್ತಾಕ ಏನೂ ಉಳೀಬಾರದು."

ಅವ್ವ ತಾಟು ಎತ್ತಿಕೋತ ಕೇಳಿದಳು, "ನೀವು ಹೊಗಿ ಆಗಿ ಹೋದ್ರ ನಾ ಎಲ್ಲಿ ಕುಂದರಲಿ?"

ಅಪ್ಪ ಕೈ ತೊಳಕೋತ, "ನೀನೂ ಸುಡಿಸಿಕೋ," ಅಂದ.

"ಯವ್ವಾ, ನಾ ಒಲ್ಲೆರಿ," ಅಂದಳು ಅವ್ವ. ಅಕಿಗೆ ಬೆಂಕಿ ಅಂದ್ರ ಮೊದಲಿಂದ ಅಂಜಿಕಿ. ಒಮ್ಮೆ ಸ್ಟೋ ಭಗ್ಗಂತ ಎದ್ದು ಸೆರಗು ಹತ್ತಿತ್ತು. ಅವತ್ತಿಂದ ಗ್ಯಾಸ್ ಹಚ್ಚೂವಾಗೂ ಮಾರಿ ಆ ಕಡೆ ಮಾಡತಿದ್ದಳು. "ನನ್ನ ಮಣ್ಣಾಗ ಇಡ್ರಿ. ಆದ್ರ ಒಬ್ಬಾಕಿನ್ನ ಇಡಬ್ಯಾಡ್ರಿ. ಇಷ್ಟು ವರ್ಷ ಇವರ ಬಾಜೂಕ ಬಾಳೆ ಮಾಡಿ, ಕಡೀಕೆ ಮಾವ ಅತ್ತಿ ಬಾಜೂಕ ವಿಧವಿ ಹಂಗ ಒಬ್ಬಾಕಿನ ಕುಂದರಲೇನು?"

ಇಬ್ಬರದೂ ಖರೇ ಅನಿಸಾಕತ್ತಿತು ನನಗ. ಇಬ್ಬರದೂ ಖರೇ ಆದ್ರ ನಡುವ ಇದ್ದವರು ಸಾಯೂದು, ಅಷ್ಟ.

ನನ್ನ ಖಾನಾವಳಿ ಇರೂದು ರಾಣೇಬೆನ್ನೂರು ಬಸ್‌ಸ್ಟ್ಯಾಂಡಿನ ಹತ್ರ. ಆಗಿನ್ನೂ ದೊಡ್ಡ ಒಲಿಗೆ ಕಟಗಿನ ಹಾಕತಿದ್ವಿ. ಅದಕ್ಕ ಅಪ್ಪ ಈ ಕೆಲಸಾನೂ ನನ್ನ ಕೊಳ್ಳಿಗೆ ಕಟ್ಟಿದ. "ಗಡ್ಡಕ್ಕ ಬೆಂಕಿ ಹತ್ತಿದಾಗ ಬಾವಿ ತೋಡೂದು ಬ್ಯಾಡ. ಸುಡೂದು ಅಂದ್ರ ಏನು ಎತ್ತ, ಈಗ ವಿಚಾರ್ಸಿ ಇಡು. ನಿನಗ ಕಟಗಿ ಅಂಗಡಿಯವರ ಪರಿಚಯ ಐತಿ," ಅಂದ. ಮದಿವಿ ಸಾಮಾನು ತರಾಕ ಹೇಳಿದಂಗ ಹೇಳಿದ.

ಕಟಗಿ ಅಡ್ಡೆಯಂವ ಖಾಯಂ ಗಿರಾಕಿ ಅಂತ ನನ್ನ ಕುರ್ಚಿ ಹಾಕಿ ಕುಂದರಿಸಿದ. ಹೆಣಾ ಸುಡಾಕ ಯಾವ ಕಟಗಿ ಚೊಲೊ ಅಂತ ಕೇಳಿದೆ. ಅಂವ ಟೊಪಗಿ ತಗದು, "ಯಾರು ತೀರಿಕೊಂಡ್ರಕ್ಕಾರ?" ಅಂದ. "ನಮ್ಮಪ್ಪಗ ಬೇಕು," ಅಂದೆ. "ಅಯ್ಯೋ, ಯಾವಾಗ ಹೋದ್ರು?" "ಹೋಗಿಲ್ಲೋ ಮಾರಾಯಾ, ಅಂಗಡ್ಯಾಗ ಚಹಾ ಕುಡಕೋತ ಕುಂತಾನ," ಅಂದೆ. ಅಂವ ಟೊಪಗಿ ಮತ್ತ ಹಾಕ್ಕೊಂಡು ನನ್ನ ಒಂಥರಾ ನೋಡಿದ. ಆದ್ರೂ ಹೇಳಿದ. ಒಣಗಿದ ಜಾಲಿ ಇದ್ರ ಚೊಲೊ, ಕಾವು ನಿಂದರತೈತಿ. ಹಸಿ ಕಟಗಿ ಹೊಗಿ ಉಗಳತೈತಿ, ಹತ್ತೂದಿಲ್ಲ. ಅದು ನನಗೂ ಗೊತ್ತಿದ್ದದ್ದ.

ಉಳದದ್ದನ್ನೂ ಕೇಳಿಕೊಂಡು ಬಂದೆ. ದೊಡ್ಡ ಊರಾಗ ಕರೆಂಟಿನ ಮ್ಯಾಲೆ ಸುಡತಾರ, ತಾಸು ಎರಡು ತಾಸಿನ್ಯಾಗ ಮುಗೀತೈತಿ ಅಂತ ಒಬ್ಬರು ಹೇಳಿದ್ರು. ಅಪ್ಪಗ ಹೇಳಿದ್ರ ಅಂವ ಅಂಗಡಿ ಗಾದಿ ಮ್ಯಾಲೆ ಉಳ್ಳಾಡಿ ನಕ್ಕ. "ನಡುವ ಕರೆಂಟ್ ಹೋದ್ರ ಏನು ಮಾಡೂದವಾ? ಅರ್ಧಾ ಸುಟ್ಟು, ಲೈನ್‌ಮನ್ ಬರೂತನಾ ಹಾದಿ ಕಾಯ್ಕೋತ ಮಲಗೂದೇನು?" ಹುಬ್ಬಳ್ಳಿ ಕಡೆ ಡಾಕ್ಟರ್ ಕಲಿಯೂ ಹುಡುಗರಿಗೆ ಮೈ ದಾನ ಕೊಡಬಹುದು ಅಂದೆ. ಅದಕ್ಕ ಅವ್ವ, "ಸಣ್ಣ ಸಣ್ಣ ಹುಡುಗ್ಯಾರ ಮುಂದ ಅರಿಬಿ ಇಲ್ದ ಮಲಗಸತಾರಂತ, ಬ್ಯಾಡ," ಅಂತ ಆ ಮಾತು ಅಲ್ಲೇ ಮುಗಿಸಿದಳು. ಹಂಗಾಗಿ ಕಟಗಿನ ಅಂತ ಆತು. ಅಪ್ಪನ ಹಳೇ ಗೆಳೆಯಾ ಒಬ್ಬ ಟೇಲರ್, ನಾ ಅವನ್ನ ಮಾಮಾ ಅಂತಿದ್ದೆ. ಅವರದು ಸುಡೂ ಮಂದಿ, ಮರಾಠ್ಯಾರು. "ನಮ್ಮ ಸ್ಮಶಾನದಾಗ ಜಾಗಾ ಕೊಡಸತೇನಿ, ನಿಂತು ಮಾಡಸತೇನಿ," ಅಂತ ಮಾತು ಕೊಟ್ಟ.

ಸುದ್ದಿ ಕೇಳಿ ಕಾಕಾ ಹಾವೇರಿಯಿಂದ ಬಂದ. ಬಂದಾಂವ ನೀರೂ ಕುಡೀಲಿಲ್ಲ. "ಅಣ್ಣಾ, ನಮ್ಮ ಮನಿತನದಾಗ ಯಾರನ್ನರ ಸುಟ್ಟಾರೇನು? ಲಿಂಗ ಕಟ್ಟಿದ ಮೈ ಬೆಂಕಿಗೆ ಹಾಕ್ತೀಯೇನು? ಹೂಳಿದ್ರೇನು ಸುಟ್ರೇನು, ಅಳಿಯ ಅಲ್ಲ ಮಗಳ ಗಂಡ ಅಂತ ಮಾಡೀಯಾ?" ಅಂದ. ಅಪ್ಪ ಶಾಂತ ಇದ್ದ. "ನೀನೂ ಇದ್ದ್ಯಲ್ಲೊ ಅಲ್ಲಿ. ಚೀಲದ ಒಂದು ತುದಿ ನೀ ಹಿಡದಿದ್ದಿ," ಅಂದ. ಕಾಕಾನ ಸಿಟ್ಟು ಇಳೀಲಿಲ್ಲ. "ಸುಡೂದಾದ್ರ ನಾ ಬರೂದಿಲ್ಲ," ಅಂದು ಎದ್ದು ಹೋದ. ಅಯ್ಯನೋರು ಅಷ್ಟು ಬಿರುಸು ಮಾಡಲಿಲ್ಲ. "ಮನ್ಯಾಗಿನ ಪೂಜಾ ಮಾಡತೇನಿ. ಸ್ಮಶಾನಕ್ಕ ಬರಾಕ ಆಗೂದಿಲ್ಲ. ಲಿಂಗ ಬೆಂಕಿಗೆ ಬ್ಯಾಡ, ಬಿಚ್ಚಿ ಹೊಳಿಗೆ ಬಿಡ್ರಿ," ಅಂದ್ರು.

ಇಷ್ಟೆಲ್ಲಾ ವಿಚಾರ ಮಾಡಿ ಇಟ್ಟಿದ್ವಿ ನೋಡ್ರಿ. ಒಂದು ಮಾತು ಯಾರ ತಲಿಗೂ ಹೊಳೀಲಿಲ್ಲ.

ಮೂರ್ನಾಕು ವರ್ಷ ಕಳದು, ಸುಗ್ಗಿ ಮುಗಿದ ಮ್ಯಾಲೆ ಒಂದು ಮುಂಜಾನೆ ಅಪ್ಪ ಚಹಾ ಕುಡದು ಸ್ವಲ್ಪ ಅಡ್ಡಾಗತೇನಿ ಅಂದಾಂವ ಏಳಲಿಲ್ಲ. ಫೋನು ಬಂದಾಗ ನಾ ಖಾನಾವಳಿಯೊಳಗ ಹಿಟ್ಟು ನಾದಾಕತ್ತಿದ್ದೆ. ಅಳಾಕ ಕುಂದರಲಿಲ್ಲ. ಸೀದಾ ಕಟಗಿ ಅಡ್ಡೆಗೆ ಹೋಗಿ ಒಣಾ ಜಾಲಿ ಟೆಂಪೋಕ್ಕ ಹೇರಿಸಿ, ಡ್ರೈವರನ ಬಾಜೂಕ ಕುಂತು ಬ್ಯಾಡಗಿಗೆ ಹೊಂಟೆ. ಅಪ್ಪ ಹೇಳಿದ ಕೆಲಸ ಅದು, ಅದನ್ನ ಮುಗಿಸಿ ಅತ್ತರಾತು ಅನಿಸಿತ್ತು. ಮೋಟೆಬೆನ್ನೂರು ದಾಟೂತನಾ ಗಟ್ಟಿ ಇದ್ದೆ. ಆಮ್ಯಾಲೆ ತಡಕೊಳ್ಳಾಕ ಆಗಲಿಲ್ಲ. ಪಾಪ, ಡ್ರೈವರ್ ಹಚ್ಚಿದ್ದ ಹಾಡು ಬಂದ್ ಮಾಡಿದ.

ಮನಿ ಮುಟ್ಟಿದಾಗ ಮಧ್ಯಾಹ್ನ ಆಗಿತ್ತು. ಒಳಗ ಹೋಗಿ ನೋಡತೇನಿ, ಅಪ್ಪ ಪಡಸಾಲ್ಯಾಗ ಕುಂತಾನ. ಗ್ವಾಡಿಗೆ ಆನಿಸಿ, ಚಕ್ಕಳಮಕ್ಕಳ ಹಾಕಿಸಿ, ಹಣಿತುಂಬ ವಿಭೂತಿ, ಕೊಳ್ಳಾಗ ಮಾಲಿ. ಓಣಿ ಮಂದಿ ರೂಢಿ ಪ್ರಕಾರ ಕುಂದರಸಿಬಿಟ್ಟಿದ್ರು. ಯಾರನ್ನ ಬೈಯೂದು? ಹುಟ್ಟಿದಾಗಿಂದ ಅವರು ನೋಡಿದ್ದು ಅದನ್ನ, ಅವರ ಕೈಗೆ ಗೊತ್ತಿದ್ದದ್ದು ಅದ. ಅಪ್ಪನ ಮೊಣಕಾಲು ಮುಟ್ಟಿ ನೋಡಿದೆ, ಬಿರುಸಾಗಿತ್ತು. ಅಷ್ಟರಾಗ ಮಾಮಾ ಬಂದು ಬಾಗಲದಾಗ ನಿಂತು ನೋಡಿದ. "ಅಯ್ಯ ತಂಗೀ, ಕುಂತಾರಲ್ಲ. ಕುಂತವರನ್ನ ಹೆಂಗ ಸುಡೂದು?" ಅಂದ.

ನನಗ ಸಿಟ್ಟು ನೆತ್ತಿಗೇರಿತು. ಅವ್ವನ್ನ ಒಳಗ ಕರಕೊಂಡು ಹೋಗಿ, "ನೀ ಇಲ್ಲೇ ಇದ್ದಿ. ಮಲಗಸ್ರಿ ಅಂತ ಒಂದು ಮಾತು ಯಾಕ ಹೇಳಲಿಲ್ಲ?" ಅಂತ ಕೇಳಿದೆ. ಕೇಳಿದ್ದಲ್ಲ, ಒದರಿದೆ. ಅವ್ವ ಸೆರಗು ಬಾಯಿಗೆ ಹಚ್ಚಿಕೊಂಡು ನಿಂತಿದ್ದಳು.

"ಹೇಳಬೇಕಂತ ಬಂದೆ," ಅಂದಳು. "ಕುಂದರಸಿದ ಮ್ಯಾಲೆ ಮಾರಿ ನೋಡಿದೆ. ಅಂಗಡ್ಯಾಗ ಕುಂತಂಗ ಕಾಣಾಕತ್ತಿದ್ರು. ಕೆಡವ್ರಿ ಅನ್ನಾಕ ನನ್ನ ಬಾಯಿ ಬರಲಿಲ್ಲ. ಇನ್ನ ಹೂಳತಾರ, ನನಗ ಬಾಜೂಕ ಜಾಗಾ ಸಿಗತೈತಿ ಅಂತ ಒಂದು ಕ್ಷಣ ಆಸೆನೂ ಆತು. ಸುಳ್ಳ ಯಾಕ ಹೇಳಲಿ."

ಸಿಟ್ಟು ಹೋತು, ಅಳು ಬಂತು. ಹೊರಗ ಹತ್ತು ಮಂದಿ ಕೂಡಿ ಒಂದ ಮಾತು ಹಿಡಿದಿದ್ರು. ದೇವರ ಇಚ್ಛಾನ ಹಿಂಗ ಐತಿ, ಕುಂತ ಮೈ ಹೂಳೂದ ಚೊಲೊ, ಹಾವೇರಿಗೆ ಫೋನ್ ಮಾಡಿ ಕುಣಿ ತೋಡಸ್ರಿ ಅಂತ. ಕಾಲು ನೀಡಸಬೇಕಂದ್ರ ಕೀಲು ಮುರೀಬೇಕು ಅಂತ ಒಬ್ಬ ಅಂದ. ಎಲ್ಲಾರೂ ಅವ್ವನ ಮಾರಿ ನೋಡಾಕತ್ತಿದ್ರು. ಅಕಿ ಹೂಂ ಅಂದಿದ್ರ ಮುಗೀತಿತ್ತು, ನನ್ನ ಮಾತು ಯಾರೂ ಕೇಳತಿದ್ದಿಲ್ಲ.

ಅವ್ವ ಪಡಸಾಲಿಗೆ ಬಂದಳು. ಅಪ್ಪನ ಮುಂದ ಕುಂತು, ಕೊಳ್ಳಾಗಿನ ಲಿಂಗ ಬಿಚ್ಚಿ ತನ್ನ ಸೆರಗಿನ್ಯಾಗ ಕಟ್ಟಿಕೊಂಡಳು. "ಅವರು ಸುಡ್ರಿ ಅಂದಾರ. ಕುಂತ್ರ ಕುಂತ ಸುಡ್ರಿ. ಮೈ ಮುರೀಬ್ಯಾಡ್ರಿ," ಅಂದಳು.

ನಮ್ಮಲ್ಲಿ ಹೆಣ್ಣುಮಕ್ಕಳೂ ಮಣ್ಣು ಮಾಡೂ ಜಾಗಾಕ್ಕ ಹೋಗತೀವಿ. ಮಾಮಾನ ಮಂದ್ಯಾಗ ಹೋಗೂದಿಲ್ಲ. ನಾನೂ ಅವ್ವಾನೂ ಹೊಂಟದ್ದು ನೋಡಿ ಮಾಮಾ ಗಾಬರಿ ಆದ. "ತಂಗೀ, ಸ್ಮಶಾನಕ್ಕ ಹೆಣ್ಣುಮಕ್ಕಳು..." ಅಂದ. "ಮಾಮಾ, ನಮ್ಮಲ್ಲಿ ಬೆಂಕಿ ಇಲ್ಲ, ನಿಮ್ಮಲ್ಲಿ ಹೆಣ್ಣುಮಕ್ಕಳಿಲ್ಲ. ಇವತ್ತಿಂದು ಯಾರ ಪದ್ಧತಿ ಅಂತ ಹುಡುಕೂದು?" ಅಂದೆ. ಅಂವ ನಗಲಾರದ ನಕ್ಕು ಮುಂದ ನಡದ.

ಕುಂತ ಮೈಗೆ ಕಟಗಿ ಒಟ್ಟೂದು ಮಾಮಾಗೂ ಗೊತ್ತಿದ್ದಿಲ್ಲ. ಮೊದಲ ಸುತ್ತ ಕಟಗಿ ನೆಟ್ಟಗ ನಿಂದರಿಸಿದ್ರು, ಜಾರಿ ಬಿದ್ದವು. ಹಗ್ಗ ಕಟ್ಟೂಣು ಅಂದ್ರು, ಹಗ್ಗ ಮೊದಲ ಸುಡತೈತಿ. ನೋಡಿ ನೋಡಿ ನನಗ ತಡೀಲಿಲ್ಲ. ಸೆರಗು ಸಿಗಿಸಿ ನಾನ ಇಳದೆ. ಖಾನಾವಳಿ ಹಿತ್ತಲದಾಗ ಕಟಗಿ ಒಟ್ಟೂದು ನನ್ನ ದಿನಾದ ಕೆಲಸ. ಕೆಳಗ ದಪ್ಪನ ಕಟಗಿ ಬಡ್ಡಿ ಹಾಸಿ, ಅದರ ಮ್ಯಾಲೆ ಅಪ್ಪನ್ನ ಕುಂದರಿಸಿ, ಎರಡು ಈ ಕಡೆ ಎರಡು ಆ ಕಡೆ ಅಡ್ಡ ಇಟ್ಟು, ಅದರ ಮ್ಯಾಲೆ ಮತ್ತ ಹಂಗ ಇಟ್ಕೋತ ಚೌಕ ಎಬ್ಬಿಸಿದ್ವಿ, ಬಾವಿ ಕಟ್ಟಿದಂಗ. ಸಂದಿಯೊಳಗ ಕುಳ್ಳು ತುಂಬಿದ್ವಿ. ಎದಿಮಟಾ ಬಂತು, ಕೊಳ್ಳಮಟಾ ಬಂತು. ಕಡೀಕೆ ಅಪ್ಪನ ಮಾರಿ ಅಷ್ಟ ಕಾಣಾಕತ್ತಿತು. ಅದನ್ನ ಮುಚ್ಚೂ ಕಟಗಿ ಕೈಯಾಗ ಹಿಡಕೊಂಡು ನಾ ಎಷ್ಟೊತ್ತು ನಿಂತಿದ್ನೋ. ಮಾಮಾ ಬಂದು ಅದನ್ನ ನನ್ನ ಕೈಯಿಂದ ಇಸಕೊಂಡ.

ಬೆಂಕಿ ಹಚ್ಚಾಂವ ಮಗಾ ಬೇಕು ಅಂದ್ರು. ಮಗಾ ಇದ್ದಿಲ್ಲ, ತಮ್ಮ ಬಂದಿದ್ದಿಲ್ಲ. ದಿನಾ ಹೊತ್ತೇಳೂದ್ರಾಗ ಒಲಿ ಹಚ್ಚಾಕಿ ನಾ, ನಾನ ಹಚ್ಚಿದೆ. ಜಾಲಿ ಚೊಲೊ ಹತ್ತಿತು. ಅವ್ವ ದೂರ ಬೇವಿನಗಿಡದ ಬುಡಕ್ಕ ನಿಂತಿದ್ದಳು. ಗ್ಯಾಸ್ ಹಚ್ಚೂವಾಗ ಮಾರಿ ತಿರುಗಸೂ ಅವ್ವ ಅವತ್ತ ಮಾರಿ ತಿರುಗಿಸಲಿಲ್ಲ.

ಮೂರನೇ ದಿನಾ ಮಾಮಾ ನಮ್ಮನ್ನ ಕರಕೊಂಡು ಹೋಗಿ ಬೂದಿ ಹೆಂಗ ಆರಿಸೂದು ತೋರಿಸಿದ. ಗಡಿಗಿಯೊಳಗ ತುಂಬಿ, ಬಾಯಿಗೆ ಬಿಳಿ ಅರಿಬಿ ಕಟ್ಟಿ, ಐರಣಿಗೆ ಹೊಂಟ್ವಿ, ತುಂಗಭದ್ರಾ ಹೊಳಿಗೆ. ಬಿಸಲಾಗಿತ್ತು, ಹೊಳ್ಯಾಗ ನೀರು ಕಮ್ಮಿ ಇತ್ತು. ಉಸುಕಿನ್ಯಾಗ ಬಾಳ ದೂರ ನಡೀಬೇಕಾತು. ಅವ್ವ ಮೊದಲ ತಾನ ನೀರಾಗ ಇಳದು ಲಿಂಗ ಬಿಟ್ಟಳು. ಮಾಮಾ ಗಡಿಗಿ ಬಿಚ್ಚಿ ನೀರಿಗೆ ಬಗ್ಗೂದ್ರಾಗ, "ತಡೀರಿ," ಅಂದಳು. ಕೈಚೀಲದಿಂದ ಒಂದು ಸ್ಟೀಲಿನ ಡಬ್ಬಿ ತಗದಳು. ಮನ್ಯಾಗಿಂದ ತೊಳದು ಒರಸಿ ತಂದಿದ್ದಳು.

ಬೊಗಸಿಲೆ ಬೂದಿ ತಗದು ಡಬ್ಬಿಗೆ ತುಂಬಿಕೊಂಡು ಮುಚ್ಚಳ ಹಾಕಿದಳು. "ಉಳದದ್ದು ಬಿಡ್ರಿ," ಅಂದಳು ಮಾಮಾಗ. ನನಗ ಅಂದಳು, "ನನ್ನ ಕುಂದರಸಿದಾಗ ವಿಭೂತಿ ಜೋಡಿ ಇದನ್ನ ಸುತ್ತ ತುಂಬು."

"ಅವ್ವಾ, ಅಪ್ಪಗ ಮಣ್ಣು ಬ್ಯಾಡಾಗಿತ್ತಲ್ಲ," ಅಂದೆ.

"ಅವರಿಗೆ ಎಲುಬು ಎತ್ತಿಸಿಕೊಳ್ಳೂದು ಬ್ಯಾಡಾಗಿತ್ತು. ಇದನ್ನ ಯಾರು ಎತ್ತತಾರ? ಅವರು ಹೇಳಿದ್ದು ಪೂರಾ ಮಾಡೀವಿ. ಇನ್ನ ನಾ ಹೇಳಿದ್ದೂ ಒಂದು ಆಗಲಿ. ಬಾಜೂಕ ಕುಂದರಾಕ ಒಲ್ಲೆ ಅಂದ್ರಲ್ಲ, ಸುತ್ತ ಇರಲಿ."

ಮಾಮಾ ಉಳದ ಬೂದಿ ಹೊಳಿಗೆ ಬಿಟ್ಟ.

ಅವ್ವ ಮುಂದ ಬಾಳ ವರ್ಷ ಇರಲಿಲ್ಲ. ಅಕಿನ್ನ ಹಾವೇರಿ ಹೊಲದಾಗ, ಅಜ್ಜ ಅಜ್ಜಿ ಸಾಲಿನ್ಯಾಗ ಕುಂದರಿಸಿದ್ವಿ. ಕುಣಿ ತೋಡಿಸಿದಾಂವ ಕಾಕಾ. ಅಪ್ಪನ ಮಣ್ಣಿಗೆ ಬರಲಿಲ್ಲಂತ ನಾ ಅವನ ಜೋಡಿ ಅಲ್ಲೀತನಾ ಮಾತು ಬಿಟ್ಟಿದ್ದೆ, ಖರೇ ಹೇಳತೇನಿ, ಅವತ್ತೂ ಮಾತಾಡೂ ಮನಸಿದ್ದಿಲ್ಲ. ಅಯ್ಯನೋರು ಮಂತ್ರ ಹೇಳಾಕತ್ತಿದ್ರು, ನಾ ಕುಣಿಗೆ ಬಗ್ಗಿ ಅವ್ವನ ಸುತ್ತ ವಿಭೂತಿ ತುಂಬಾಕತ್ತಿದ್ದೆ. ಆಮ್ಯಾಲೆ ಡಬ್ಬಿ ಮುಚ್ಚಳಾ ತಗದೆ. ಬೆಳ್ಳನ ವಿಭೂತಿ ಮ್ಯಾಲೆ ಅದು ಬೂದಬಣ್ಣ ಕಂಡಿತು.

"ಇದೆಂಥಾ ವಿಭೂತಿ, ಇಷ್ಟು ಕರ್ರಗೈತಿ?" ಅಂತ ಕೇಳಿದ ಕಾಕಾ.

"ಅಪ್ಪ," ಅಂದೆ.

ಕಾಕಾ ಮೊಣಕಾಲೂರಿ ಬಗ್ಗಿ, "ಅಣ್ಣಾ," ಅಂತ ಸಣ್ಣ ದನಿಲೆ ಅಂದು, ಡಬ್ಬಿಯೊಳಗ ಕೈ ಹಾಕಿ ಒಂದು ಮುಷ್ಟಿ ತಗೊಂಡ. ಅದನ್ನ ಅವ್ವನ ಬಲಗಡೆ, ಗಂಡ ಕುಂದರೂ ಬಾಜೂಕ, ಭುಜಕ್ಕ ಹತ್ತಿ, ಚೆಲ್ಲಲಾರದಂಗ ಇಟ್ಟ.